ಮೂಕ ಕಾವಲುಗಾರ ನಮಗೆ ಬೇಡ!

(ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತನಾಡಿದವರು ಅಂಧರಿಗೆ ಕಂಪ್ಯೂಟರ್ ಕಲಿಸುವ ಶಿಕ್ಷಕರು.)



ಮನೆಗೆ ಒಬ್ಬ ಕಾವಲುಗಾರನನ್ನು ಇಡುತ್ತೀರಿ. ವರ್ಷಕ್ಕೆ ಇಷ್ಟು ಅಂತ ಸಂಬಳ ಕೊಡುತ್ತೀರಿ. ಒಂದು ರಾತ್ರಿ ಕಳ್ಳ ಬರುತ್ತಾನೆ. ಕಾವಲುಗಾರ ಕೂಗುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ಅಂಗಳದಲ್ಲಿ ನಿಂತು ಕೆಂಪು ಬಾವುಟ ಬೀಸುತ್ತಾನೆ! ಮನೆಯ ಯಜಮಾನನಿಗೆ ಕಣ್ಣು ಕಾಣುವುದಿಲ್ಲ ಎಂಬುದು ಆ ಪುಣ್ಯಾತ್ಮನಿಗೆ ಗೊತ್ತೇ ಇಲ್ಲ. ಬೆಳಗಾಗುವಷ್ಟರಲ್ಲಿ ಮನೆ ಖಾಲಿ.

ನಗಬೇಡಿ. ಅಂಧರು ಬಳಸುವ ಎಷ್ಟೋ ಕಂಪ್ಯೂಟರುಗಳಲ್ಲಿ ಇಂದು ಇಂಥದೇ ಕಾವಲುಗಾರ ಕೂತಿದ್ದಾನೆ. ಅವನ ಹೆಸರು ಆಂಟಿವೈರಸ್. ಪರದೆಯ ಮೂಲೆಯಲ್ಲಿ ಕೆಂಪು ಪೆಟ್ಟಿಗೆ ತೋರಿಸುತ್ತಾನೆ, ಐದು ಸೆಕೆಂಡು ಬಿಟ್ಟು ಮಾಯವಾಗುತ್ತಾನೆ. ಕಣ್ಣಿದ್ದವರು ನೋಡುತ್ತಾರೆ. ಕಣ್ಣಿಲ್ಲದವರು ಏನು ಮಾಡಬೇಕು?

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿದೋಷ ಇರುವವರು 50 ಲಕ್ಷಕ್ಕೂ ಹೆಚ್ಚು. ನಮ್ಮ ಕರ್ನಾಟಕ ಒಂದರಲ್ಲೇ ಎರಡೂವರೆ ಲಕ್ಷ ದಾಟುತ್ತದೆ. ಅವರಲ್ಲಿ ಬ್ಯಾಂಕ್ ನೌಕರರಿದ್ದಾರೆ, ಉಪನ್ಯಾಸಕರಿದ್ದಾರೆ, ವಕೀಲರಿದ್ದಾರೆ, ಸಾಫ್ಟ್‌ವೇರ್ ಬರೆಯುವವರಿದ್ದಾರೆ, ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಇವರಿಗೆ ಕಂಪ್ಯೂಟರ್ ಶೋಕಿಯ ವಸ್ತುವಲ್ಲ. ಪುಸ್ತಕ ಓದುವುದು ಅದರಲ್ಲಿ, ಸಂಬಳದ ಲೆಕ್ಕ ನೋಡುವುದು ಅದರಲ್ಲಿ, ಅರ್ಜಿ ಹಾಕುವುದು ಅದರಲ್ಲಿ. ಅದು ಬಾಯಿ ಮುಚ್ಚಿದರೆ ಅವರ ಇಡೀ ದಿನ ನಿಂತುಹೋಗುತ್ತದೆ.

ಇಂಥವರ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಕೊಡುವವರು ಯಾರು? ನೀವೇ! ಪಕ್ಕದ ಮನೆಯ ಹುಡುಗ, ಚಿಕ್ಕಪ್ಪನ ಮಗ, ಕಾಲೇಜಿನ ಗೆಳೆಯ, ಅಂಗಡಿಯ ಹುಡುಗ. ಅದಕ್ಕೇ ಈ ಮಾತುಗಳನ್ನು ನಿಮ್ಮ ಮುಂದೆಯೇ ಆಡುತ್ತಿದ್ದೇನೆ.

ಮಾತಾಡುವ ಪರದೆ

ಮೊದಲು ಸ್ಕ್ರೀನ್ ರೀಡರ್ ಎಂದರೇನು ತಿಳಿದುಕೊಳ್ಳಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಅದು. ಅಮೆರಿಕದ ಟೆಡ್ ಹೆಂಟರ್ ಎಂಬಾತ ಮೋಟಾರ್‌ಸೈಕಲ್ ರೇಸ್ ಓಡಿಸುತ್ತಿದ್ದವರು. 1978ರ ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ಆಮೇಲೆ ಕಂಪ್ಯೂಟರ್ ಕಲಿತರು. ಅವರ ಕಂಪನಿಯಿಂದ 1989ರಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರ್ ಹೊರಬಂತು. ಒಳ್ಳೆಯದೇ. ಆದರೆ ದುಬಾರಿ. ನಮ್ಮ ಹಳ್ಳಿಯಿಂದ ಬಂದ ಹುಡುಗನ ಕೈಗೆಟುಕುವ ಮಾತಲ್ಲ.

2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರ್ರನ್ ಎಂಬ ಅಂಧ ಯುವಕ ಈ ಅನ್ಯಾಯವನ್ನು ಕೈಗೆತ್ತಿಕೊಂಡ. ಕಣ್ಣಿದ್ದವನು ದುಡ್ಡು ಕೊಡದೆ ಪರದೆ ನೋಡುತ್ತಾನೆ, ಕಣ್ಣಿಲ್ಲದವನು ಮಾತ್ರ ಯಾಕೆ ಸಾವಿರಾರು ರೂಪಾಯಿ ತೆರಬೇಕು? ಆತ ಬರೆಯಲು ಶುರು ಮಾಡಿದ್ದೇ ಎನ್‌ವಿಡಿಎ. ಜೇಮ್ಸ್ ಟೇ ಎಂಬ ಇನ್ನೊಬ್ಬ ಅಂಧ ಗೆಳೆಯ ಕೈಜೋಡಿಸಿದ. ಇಂದಿಗೂ ಅದು ಉಚಿತ. ಅದರ ಮೂಲ ಕೋಡ್ ಕೂಡ ಎಲ್ಲರಿಗೂ ಮುಕ್ತ. ಅದರ ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ಯಂತ್ರದ ಹಾಗೆ ಕೇಳುತ್ತದೆ, ಆದರೆ ಓದುತ್ತದೆ!

ಇದು ಕೆಲಸ ಮಾಡುವುದು ಹೇಗೆ? ಪರದೆಯ ಚಿತ್ರ ನೋಡಿ ಅಲ್ಲ. ಪ್ರತಿ ಸಾಫ್ಟ್‌ವೇರನ್ನೂ ಅದು ಕೇಳುತ್ತದೆ: "ಅಣ್ಣಾ, ಇಲ್ಲಿ ಏನಿದೆ? ಬಟನ್ನೋ, ಪಟ್ಟಿಯೋ? ಅದರ ಹೆಸರೇನು? ಒತ್ತಿದೆಯೋ, ಬಿಟ್ಟಿದೆಯೋ?" ಹೀಗೆ ಕೇಳಿ ಉತ್ತರ ಪಡೆಯಲು ವಿಂಡೋಸ್‌ನಲ್ಲಿ ಒಂದು ವ್ಯವಸ್ಥೆ ಇದೆ. ಮೈಕ್ರೋಸಾಫ್ಟ್ ಅದರ ಮೊದಲ ರೂಪ ಕೊಟ್ಟದ್ದು 1997ರಲ್ಲಿ. ಸಾಫ್ಟ್‌ವೇರ್ ಬರೆದವನು ಮರ್ಯಾದೆಯಿಂದ ಉತ್ತರ ಬರೆದಿಟ್ಟಿದ್ದರೆ "ಸ್ಕ್ಯಾನ್ ಆರಂಭಿಸು, ಬಟನ್" ಎಂದು ಕೇಳಿಸುತ್ತದೆ. ಬರೆದಿಡದೆ ಬರೀ ಬಣ್ಣದ ಚಿತ್ರ ಬಳಿದಿದ್ದರೆ? "ಬಟನ್... ಬಟನ್... ಬಟನ್..." ಅಷ್ಟೇ! ಯಾವ ಬಟನ್ ವೈರಸ್ ಅಳಿಸುತ್ತದೆ, ಯಾವ ಬಟನ್ ವೈರಸ್ಸಿಗೆ ಬಾಗಿಲು ತೆರೆಯುತ್ತದೆ? ದೇವರೇ ಬಲ್ಲ. ಇನ್ನೂ ಕೆಟ್ಟ ಸಾಫ್ಟ್‌ವೇರುಗಳಿವೆ. ಅವುಗಳ ಕಿಟಕಿ ತೆರೆದರೆ ಸ್ಕ್ರೀನ್ ರೀಡರಿಗೆ ಏನೂ ಸಿಗುವುದಿಲ್ಲ. ಖಾಲಿ ಗೋಡೆ.

ಕಾವಲುಗಾರನೇ ಕತ್ತು ಹಿಸುಕಿದರೆ?

ಹೇಳದೇ ಇರುವುದು ಒಂದು ತೊಂದರೆ. ಇನ್ನೊಂದು ಇದಕ್ಕಿಂತ ಘೋರ. ಆಂಟಿವೈರಸ್ ಕೆಲವು ಸಲ ಸ್ಕ್ರೀನ್ ರೀಡರನ್ನೇ ಕಳ್ಳ ಎಂದು ಹಿಡಿಯುತ್ತದೆ!

ಯಾಕೆ? ಸ್ಕ್ರೀನ್ ರೀಡರ್ ಮಾಡುವ ಕೆಲಸ ನೋಡಿ. ನೀವು ಒತ್ತುವ ಪ್ರತಿ ಕೀಯನ್ನೂ ಅದು ಮೊದಲು ತಾನು ಹಿಡಿಯುತ್ತದೆ, ಯಾಕೆಂದರೆ ಅದಕ್ಕೆ ತನ್ನದೇ ಆಜ್ಞೆಗಳಿವೆ. ಬೇರೆ ಸಾಫ್ಟ್‌ವೇರುಗಳ ಒಳಗೆ ತನ್ನ ಒಂದು ತುಣುಕನ್ನು ಸೇರಿಸಿ ಅಲ್ಲಿನ ಸುದ್ದಿ ತರುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮನೆಯ ಮಗನೂ ಕಿಟಕಿಯಲ್ಲಿ ಇಣುಕುತ್ತಾನೆ, ಕಳ್ಳನೂ ಇಣುಕುತ್ತಾನೆ. ಹೊಸದಾಗಿ ಬಂದ ಕಾವಲುಗಾರನಿಗೆ ಇಬ್ಬರೂ ಒಂದೇ. ಹಿಡಿದು ಕೂಡಿಹಾಕಿಬಿಡುತ್ತಾನೆ.

ಜೊತೆಗೆ, ವೈರಸ್ ಬಂದು ಆಂಟಿವೈರಸ್ಸನ್ನೇ ಆರಿಸಿಬಿಡಬಾರದಲ್ಲ? ಅದಕ್ಕಾಗಿ ಆ ಸಾಫ್ಟ್‌ವೇರುಗಳು ತಮ್ಮ ಸುತ್ತ ಕೋಟೆ ಕಟ್ಟಿಕೊಂಡಿರುತ್ತವೆ. ಹೊರಗಿನವರು ಒಳಗೆ ಕೈ ಹಾಕುವಂತಿಲ್ಲ. ಕೋಟೆ ಬೇಕು, ನಿಜ. ಆದರೆ ಆ ಕೋಟೆಯಲ್ಲಿ ಸ್ಕ್ರೀನ್ ರೀಡರಿಗೆ ಒಂದು ಬಾಗಿಲು ಬಿಡದಿದ್ದರೆ ಕಿಟಕಿ ಪೂರ್ತಿ ಮೌನ.

ನನ್ನ ಬಳಿ ಕಲಿತ ಒಬ್ಬಳು ಹುಡುಗಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಅವಳ ಸೋದರಮಾವನ ಮಗ ಪ್ರೀತಿಯಿಂದ ಒಂದು ಆಂಟಿವೈರಸ್ ತಂದು ಹಾಕಿಕೊಟ್ಟ. ಹೆಸರು ಬೇಡ. ಮಾರನೆಯ ದಿನ ಕಂಪ್ಯೂಟರ್ ಚಾಲೂ ಮಾಡಿದರೆ ಮಾತೇ ಇಲ್ಲ. ಎನ್‌ವಿಡಿಎಯನ್ನು ಅದು ರಾತ್ರೋರಾತ್ರಿ ಕೂಡಿಹಾಕಿತ್ತು. ಹುಡುಗ ವಾಪಸ್ ಊರಿಗೆ ಹೋಗಿಯಾಗಿತ್ತು. ತಾಯಿಗೆ ಇಂಗ್ಲಿಷ್ ಬಾರದು. ನಾಲ್ಕು ದಿನ ಮೂಕ ಯಂತ್ರದ ಮುಂದೆ ಕೂತಳು. ಅರ್ಜಿಯ ಕೊನೆಯ ದಿನ ಆ ನಾಲ್ಕರಲ್ಲೇ ಒಂದಾಗಿತ್ತು. ಒಂದು ವರ್ಷ ಹೋಯಿತು, ಗೆಳೆಯರೇ! ವೈರಸ್ಸಿನಿಂದಲ್ಲ. ವೈರಸ್ ತಡೆಯಲು ಬಂದವನಿಂದ.

ಇಂಥ ಹೊತ್ತಿಗೆ ಒಂದು ಮಂತ್ರ ಹೇಳುತ್ತೇನೆ, ಬಾಯಿಪಾಠ ಮಾಡಿ. ಕಂಪ್ಯೂಟರ್ ಮೂಕವಾಯಿತೇ? ಕಂಟ್ರೋಲ್, ವಿಂಡೋಸ್, ಎಂಟರ್. ಈ ಮೂರು ಕೀ ಒಟ್ಟಿಗೆ ಒತ್ತಿ. ವಿಂಡೋಸ್ 10 ಮತ್ತು 11ರ ಒಳಗೇ ಇರುವ ನರೇಟರ್ ಎಂಬ ಸ್ಕ್ರೀನ್ ರೀಡರ್ ಎದ್ದು ಮಾತಾಡುತ್ತದೆ. ಎನ್‌ವಿಡಿಎ ಸುಮ್ಮನೆ ನಿಂತುಹೋಗಿದ್ದರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಮತ್ತೆ ಎದ್ದೀತು. ಈ ಎರಡು ಆಜ್ಞೆ ಗೊತ್ತಿದ್ದರೆ ಎಷ್ಟೋ ಜನ ಇನ್ನೊಬ್ಬರು ಬರಲಿ ಎಂದು ಕಾಯುವುದು ತಪ್ಪುತ್ತದೆ.

ಹಾಗಾದರೆ ಯಾವುದನ್ನು ಹಾಕಬೇಕು?

ನೇರವಾಗಿ ಹೇಳುತ್ತೇನೆ. ಮನೆಯ ಕಂಪ್ಯೂಟರಿಗೆ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್‌ನಿಂದ ಶುರು ಮಾಡಿ. ನಾನು ಆ ಕಂಪನಿಯ ಏಜೆಂಟನಲ್ಲ. ಕಾರಣ ಕೇಳಿ.

ಒಂದು, ಅದಕ್ಕೆ ಬೇರೆ ದುಡ್ಡಿಲ್ಲ. 2012ರ ವಿಂಡೋಸ್ 8ರಿಂದ ಅದು ಪೂರ್ಣ ಆಂಟಿವೈರಸ್ ಆಗಿ ಒಳಗೇ ಇದೆ. ಎರಡು, ಅದರ ಕಿಟಕಿಯನ್ನು ಎನ್‌ವಿಡಿಎ, ಜಾಸ್, ನರೇಟರ್ ಮೂರೂ ಓದುತ್ತವೆ. ವಿಂಡೋಸ್ ಕೀ ಒತ್ತಿ "ವಿಂಡೋಸ್ ಸೆಕ್ಯುರಿಟಿ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಟ್ಟರೆ ತೆರೆಯುತ್ತದೆ. ಟ್ಯಾಬ್ ಒತ್ತುತ್ತಾ ಹೋದರೆ ಪ್ರತಿ ಬಟನ್ನೂ ತನ್ನ ಹೆಸರು ಹೇಳುತ್ತದೆ. ಯಾರೋ ಕೊಟ್ಟ ಒಂದು ಫೈಲ್ ಮೇಲೆ ಅನುಮಾನವೇ? ಆ ಫೈಲ್ ಮೇಲೆ ಶಿಫ್ಟ್ ಮತ್ತು ಎಫ್ 10 ಒತ್ತಿ, ಬರುವ ಮೆನುವಿನಲ್ಲಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡುವ ಸಾಲಿದೆ. ಮೂರು, "ನವೀಕರಿಸಿ, ನವೀಕರಿಸಿ" ಎಂದು ದಿನಕ್ಕೆ ನಾಲ್ಕು ಸಲ ಜಾಹೀರಾತು ಎಸೆಯುವುದಿಲ್ಲ. ನೋಡುವವರಿಗೆ ಜಾಹೀರಾತಿನ ಪೆಟ್ಟಿಗೆ ಒಂದು ಕಿರಿಕಿರಿ ಅಷ್ಟೇ. ಕೇಳುವವರಿಗೆ ಓದುತ್ತಿದ್ದ ಸಾಲೇ ಕಡಿದುಹೋಗುತ್ತದೆ.

ಡಿಫೆಂಡರ್ ಇದ್ದ ಮಾತ್ರಕ್ಕೆ ಕಾಲು ಚಾಚಿ ಮಲಗುವಂತಿಲ್ಲ. ವಿಂಡೋಸ್ ಹಳೆಯದಾದರೆ ಯಾವ ಆಂಟಿವೈರಸ್ಸೂ ಕಾಯಲಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ಇಟ್ಟುಕೊಂಡವರು ಇದನ್ನು ಮೊದಲು ವಿಚಾರಿಸಿ.

ಇನ್ನೊಂದು ಮಾತು. ಎರಡು ಆಂಟಿವೈರಸ್ ಹಾಕಬೇಡಿ! ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಒಂದೇ ಫೈಲಿಗೆ ಎರಡೂ ಜಗಳ ಆಡುತ್ತವೆ, ಯಂತ್ರ ನಿಧಾನವಾಗುತ್ತದೆ. ಯಂತ್ರ ನಿಧಾನವಾದರೆ ಸ್ಕ್ರೀನ್ ರೀಡರ್ ತೊದಲುತ್ತದೆ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದರೆ ಸಾಮಾನ್ಯವಾಗಿ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ.

ಸಂತೆಯಲ್ಲಿ ಕೊಳ್ಳುವ ಮುನ್ನ

ಕಚೇರಿಯಲ್ಲಿ ಬೇರೆಯದೇ ಬೇಕು ಎನ್ನುತ್ತಾರೆ, ಅಥವಾ ಇನ್ಯಾವುದೋ ಕಾರಣಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕು ಎಂದಿಟ್ಟುಕೊಳ್ಳಿ. ನಮ್ಮ ದೇಶದಲ್ಲೇ ಪುಣೆಯ ಕ್ವಿಕ್ ಹೀಲ್ ಇದೆ, ಚೆನ್ನೈನ ಕೆ7 ಇದೆ. ಹೊರದೇಶದವು ಹತ್ತಾರಿವೆ. ಹೇಗೆ ಆರಿಸುತ್ತೀರಿ?

ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೇಟಿವ್ಸ್ ಎಂಬ ಸಂಸ್ಥೆಗಳು ಆಂಟಿವೈರಸ್ಸುಗಳಿಗೆ ಪರೀಕ್ಷೆ ನಡೆಸುತ್ತವೆ. ಅವನ್ನು ನೋಡಿ, ತಪ್ಪಿಲ್ಲ. ಆದರೆ ಒಂದು ಮೋಸ ಹೋಗಬೇಡಿ. ಎವಿ-ಟೆಸ್ಟ್ ಕೊಡುವ ಅಂಕಗಳಲ್ಲಿ ಮೂರು ಭಾಗ. ರಕ್ಷಣೆ, ವೇಗ, ಬಳಕೆಯ ಅನುಕೂಲ. ಪ್ರತಿಯೊಂದಕ್ಕೂ 6 ಅಂಕ, ಒಟ್ಟು 18. ಈ "ಬಳಕೆಯ ಅನುಕೂಲ" ಎಂಬುದನ್ನು ನೋಡಿ ಅಂಧರಿಗೂ ಅನುಕೂಲ ಇರಬೇಕು ಎಂದುಕೊಳ್ಳುತ್ತೀರಿ. ಇಲ್ಲ! ಅಲ್ಲಿ ಅಳೆಯುವುದು ಒಳ್ಳೆಯ ಫೈಲನ್ನು ಕೆಟ್ಟದ್ದು ಎಂದು ಎಷ್ಟು ಸಲ ಸುಳ್ಳು ಕೂಗು ಹಾಕಿತು ಎಂಬುದನ್ನು. ಸ್ಕ್ರೀನ್ ರೀಡರ್ ಓದುತ್ತದೆಯೋ ಇಲ್ಲವೋ ಎಂಬುದಕ್ಕೆ ಆ ಅಂಕಪಟ್ಟಿಯಲ್ಲಿ ಜಾಗವಿಲ್ಲ. 18ಕ್ಕೆ 18 ತೆಗೆದ ಸಾಫ್ಟ್‌ವೇರ್ ಕೂಡ ಅಂಧನಿಗೆ ಸೊನ್ನೆಯಾಗಬಹುದು.

ಹಾಗಾಗಿ ಪರೀಕ್ಷೆ ನಾವೇ ಮಾಡಬೇಕು. ಹೆಚ್ಚಿನ ಕಂಪನಿಗಳು ಕೆಲವು ದಿನ ಪುಕ್ಕಟೆ ಬಳಸಲು ಕೊಡುತ್ತವೆ. ದುಡ್ಡು ಕೊಡುವುದು ಆಮೇಲೆ. ಮಾನಿಟರ್ ಆರಿಸಿ, ಮೌಸ್ ಪಕ್ಕಕ್ಕಿಡಿ, ಎನ್‌ವಿಡಿಎ ಚಾಲೂ ಮಾಡಿ ಕೂತುಕೊಳ್ಳಿ. ಕಣ್ಣಿದ್ದವರು ಇದನ್ನು ಒಮ್ಮೆ ಮಾಡಿದರೆ ನನ್ನ ಅರ್ಧ ಭಾಷಣ ಉಳಿಯುತ್ತದೆ!

ಮೊದಲನೆಯದು: ಬರೀ ಕೀಬೋರ್ಡಿನಿಂದ ಇನ್‌ಸ್ಟಾಲ್ ಮಾಡಲು ಆಗುತ್ತದೆಯೇ? "ಒಪ್ಪುತ್ತೇನೆ" ಎಂಬ ಚೌಕಕ್ಕೆ ಟ್ಯಾಬ್ ತಲುಪುತ್ತದೆಯೇ? ಇಲ್ಲೇ ಮುಗ್ಗರಿಸಿದರೆ ಮುಂದಕ್ಕೆ ಹೋಗಲೇಬೇಡಿ.

ಎರಡನೆಯದು: ಮುಖ್ಯ ಕಿಟಕಿಯಲ್ಲಿ ಟ್ಯಾಬ್ ಒತ್ತುತ್ತಾ ಒಂದು ಸುತ್ತು ಬನ್ನಿ. ಎಲ್ಲ ಬಟನ್ನುಗಳಿಗೂ ಹೆಸರಿದೆಯೇ? "ರಕ್ಷಣೆ ಇದೆ" ಅಥವಾ "ರಕ್ಷಣೆ ಇಲ್ಲ" ಎಂಬುದನ್ನು ಮಾತಿನಲ್ಲಿ ಹೇಳುತ್ತದೆಯೇ, ಅಥವಾ ಬರೀ ಹಸಿರು, ಕೆಂಪು ಬಣ್ಣದಲ್ಲಿ ತೋರಿಸುತ್ತದೆಯೇ?

ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಅಪಾಯ ಬಂದಾಗ ಕೂಗುತ್ತದೆಯೇ? ಇದಕ್ಕೆ ನಿಜವಾದ ವೈರಸ್ ಬೇಡ. ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಿನಲ್ಲಿ ಒಂದು ಪರೀಕ್ಷಾ ಫೈಲ್ ಇದೆ. ಬರೀ 68 ಬೈಟ್‌ಗಳ ಒಂದು ಸಾಲು. ಯಾರಿಗೂ ಏನೂ ಹಾನಿ ಮಾಡುವುದಿಲ್ಲ. ಆದರೆ ಆಂಟಿವೈರಸ್ ಕಂಪನಿಗಳು ಅದನ್ನು ಕಂಡ ತಕ್ಷಣ ವೈರಸ್ ಎಂದೇ ಕೂಗಬೇಕು ಎಂದು ಒಪ್ಪಿಕೊಂಡಿವೆ. ಬೆಂಕಿ ಇಲ್ಲದೆ ಬೆಂಕಿಯ ಗಂಟೆ ಪರೀಕ್ಷಿಸಿದ ಹಾಗೆ. ಐಕಾರ್‌ನ ತಾಣದಿಂದಲೇ ಅದನ್ನು ಇಳಿಸಿಕೊಂಡು ನೋಡಿ. ಎನ್‌ವಿಡಿಎ ತಾನಾಗಿ ಎಚ್ಚರಿಕೆ ಓದಿತೇ? ಯಾವ ಫೈಲ್, ಏನು ಮಾಡಲಾಯಿತು ಎಂದು ಹೇಳಿತೇ? ಕಿವಿಗೆ ಏನೂ ಬೀಳಲಿಲ್ಲ ಎಂದರೆ ಅದೇ ನಾನು ಹೇಳಿದ ಬಾವುಟ ಬೀಸುವ ಕಾವಲುಗಾರ. ಮನೆಗೆ ಕಳಿಸಿ! ಈ ಪರೀಕ್ಷೆಯನ್ನು ಕಚೇರಿಯ ಯಂತ್ರದಲ್ಲಿ ಮಾತ್ರ ಕೇಳದೆ ಮಾಡಬೇಡಿ. ಅಲ್ಲಿ ಇಡೀ ವಿಭಾಗದ ಗಂಟೆ ಬಾರಿಸಬಹುದು.

ನಾಲ್ಕನೆಯದು: ಕೂಡಿಹಾಕಿದ ಫೈಲುಗಳ ಪಟ್ಟಿ ಓದಲು ಆಗುತ್ತದೆಯೇ? ತಪ್ಪಾಗಿ ಹಿಡಿದದ್ದನ್ನು ಕೀಬೋರ್ಡಿನಿಂದಲೇ ಬಿಡಿಸಲು ಆಗುತ್ತದೆಯೇ? ಎನ್‌ವಿಡಿಎ ಇರುವ ಫೋಲ್ಡರನ್ನು "ಇದನ್ನು ಮುಟ್ಟಬೇಡ" ಎಂಬ ವಿನಾಯಿತಿ ಪಟ್ಟಿಗೆ ಸೇರಿಸಲು ಬರುತ್ತದೆಯೇ? ಆ ಪಟ್ಟಿಗೆ ಅದೊಂದನ್ನೇ ಸೇರಿಸಿ. ಇಡೀ ಸಿ ಡ್ರೈವ್ ಸೇರಿಸಿದರೆ ಕೋಟೆಯ ಹೆಬ್ಬಾಗಿಲನ್ನೇ ತೆರೆದಿಟ್ಟ ಹಾಗೆ. ಎನ್‌ವಿಡಿಎಯನ್ನು ಅದನ್ನು ಮಾಡುವ ಎನ್‌ವಿ ಆಕ್ಸೆಸ್ ಸಂಸ್ಥೆಯ ತಾಣದಿಂದಲೇ ತನ್ನಿ, ಯಾರದೋ ಪೆನ್‌ಡ್ರೈವ್‌ನಿಂದ ಬೇಡ.

ಐದನೆಯದು: ತೆಗೆದುಹಾಕಲು ಬರುತ್ತದೆಯೇ? ಬರುವಾಗ ಬಾಗಿಲು ಅಗಲ, ಹೋಗುವಾಗ ಸೂಜಿಯ ಕಣ್ಣು! ಕೆಲವು ಸಾಫ್ಟ್‌ವೇರುಗಳು ಹೊರಗೆ ಹೋಗುವ ಮುನ್ನ ಚಿತ್ರದಲ್ಲಿರುವ ಅಕ್ಷರ ಟೈಪ್ ಮಾಡಿ ಎನ್ನುತ್ತವೆ. ಆ ಚಿತ್ರವನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ. ಪುಕ್ಕಟೆ ದಿನಗಳು ಮುಗಿಯುವ ಮುನ್ನ ಇದನ್ನೂ ಮಾಡಿ ನೋಡಿ.

ಐದರಲ್ಲಿ ಐದೂ ಪಾಸಾದರೆ ದುಡ್ಡು ಕೊಡಿ. ಮೂರನೆಯದು ಫೇಲಾದರೆ ಉಳಿದ ನಾಲ್ಕು ಪಾಸಾದರೂ ಬೇಡ. ಒಂದು ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿ. ಹೊಸ ಆವೃತ್ತಿ ಬಂದಾಗ ಕಿಟಕಿಯ ರೂಪ ಬದಲಾಗುತ್ತದೆ, ನಿನ್ನೆ ಮಾತಾಡಿದ್ದು ಇವತ್ತು ಮೂಕವಾಗಬಹುದು.

ಸಣ್ಣ ಸಣ್ಣ ಬೀಗಗಳು

ಎನ್‌ವಿಡಿಎಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಿಸುವವರಿದ್ದೀರಿ. ಅನುಕೂಲವೇ. ಆದರೆ ಕಂಪ್ಯೂಟರಿನಲ್ಲಿ ಏನಾದರೂ ದೊಡ್ಡ ಬದಲಾವಣೆಗೆ ವಿಂಡೋಸ್ ನಿಮ್ಮ ಅನುಮತಿ ಕೇಳುತ್ತದಲ್ಲ, ಆ ಪರದೆ ಬೇರೆಯೇ ಒಂದು ಭದ್ರ ಕೋಣೆ. ವೈರಸ್ ಬಂದು ತಾನೇ "ಹೌದು" ಒತ್ತಬಾರದೆಂದು ಹಾಗೆ ಮಾಡಿದ್ದಾರೆ. ಸರಿಯಾಗಿ ಇನ್‌ಸ್ಟಾಲ್ ಆದ ಎನ್‌ವಿಡಿಎಗೆ ಮಾತ್ರ ಆ ಕೋಣೆಗೆ ಪ್ರವೇಶ. ಪೆನ್‌ಡ್ರೈವ್‌ನದಕ್ಕೆ ಇಲ್ಲ. ಸ್ವಂತ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿಯೇ ಬಳಸಿ. ಅನುಮತಿ ಕೇಳಿದಾಗ ಯಾವ ಸಾಫ್ಟ್‌ವೇರ್, ಯಾರು ತಯಾರಿಸಿದ್ದು ಎಂದು ಓದುತ್ತದೆ. ಪೂರ್ತಿ ಕೇಳಿ, ಆಮೇಲೆ ಒಪ್ಪಿ.

ಎಚ್ಚರಿಕೆ ಐದು ಸೆಕೆಂಡಿನಲ್ಲಿ ಮಾಯವಾಗುತ್ತದೆ ಎಂದೆನಲ್ಲ? ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ, ಅಲ್ಲಿ ವಿಷುವಲ್ ಎಫೆಕ್ಟ್ಸ್ ತೆರೆದರೆ ಅದನ್ನು ಐದು ನಿಮಿಷದವರೆಗೆ ಹೆಚ್ಚಿಸಬಹುದು. ತಪ್ಪಿಹೋದ ಎಚ್ಚರಿಕೆಗಳು ವಿಂಡೋಸ್ ಕೀ ಜೊತೆ ಎನ್ ಒತ್ತಿದರೆ ಸಿಗುತ್ತವೆ.

ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬುದೊಂದಿದೆ. ಹಠಮಾರಿ ವೈರಸ್ಸಿಗೆ ಒಳ್ಳೆಯ ಮದ್ದು. ಆದರೆ ಅದು ವಿಂಡೋಸನ್ನು ಮುಚ್ಚಿ, ಬೇರೆಯೇ ಪರಿಸರದಲ್ಲಿ ಸುಮಾರು 15 ನಿಮಿಷ ಕೆಲಸ ಮಾಡುತ್ತದೆ. ಆ ಹೊತ್ತು ಎನ್‌ವಿಡಿಎ ಮಾತಾಡದು. ಗಾಬರಿಯಾಗಿ ಕರೆಂಟ್ ಕಿತ್ತುಬಿಡಬೇಡಿ ಎಂದು ಅಂಧ ಗೆಳೆಯರಿಗೆ ಮೊದಲೇ ಹೇಳಿಡಿ.

ಸಾರ್ವಜನಿಕ ಜಾಗದಲ್ಲಿ ಇಯರ್‌ಫೋನ್ ಹಾಕಿಯೇ ಕೆಲಸ ಮಾಡಲಿ. ಪಾಸ್‌ವರ್ಡನ್ನು ಸ್ಕ್ರೀನ್ ರೀಡರ್ "ಸ್ಟಾರ್, ಸ್ಟಾರ್" ಎಂದೇ ಓದುತ್ತದೆ, ಆದರೆ ಖಾತೆಯ ಬಾಕಿ ಹಣವನ್ನು ಬಸ್ಸಿಗೆಲ್ಲ ಕೇಳುವಂತೆ ಓದೀತು! ಎನ್‌ವಿಡಿಎಯಲ್ಲಿ ಪರದೆಯನ್ನೇ ಕಪ್ಪು ಮಾಡುವ ಸ್ಕ್ರೀನ್ ಕರ್ಟನ್ ಇದೆ. ಹಿಂದೆ ನಿಂತು ಇಣುಕುವವನಿಗೆ ಕತ್ತಲೆ, ಕೇಳುವವನಿಗೆ ಎಲ್ಲ ಬೆಳಕು.

ಧ್ವನಿಯ ಮುಖವಾಡ ಹಾಕಿದ ಕಳ್ಳ

ಆಂಟಿವೈರಸ್ ಹಿಡಿಯಲಾಗದ ಕಳ್ಳನೊಬ್ಬನಿದ್ದಾನೆ. ಬ್ರೌಸರಿನಲ್ಲಿ ಏನೋ ಓದುತ್ತಿರುವಾಗ ಇದ್ದಕ್ಕಿದ್ದಂತೆ "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ" ಎಂದು ಬರುತ್ತದೆ. ಕಣ್ಣಿದ್ದವರಿಗೆ ಅದರ ಬಣ್ಣ, ಅಂಕುಡೊಂಕು ಚಿತ್ರ ನೋಡಿ ಅನುಮಾನ ಬರಬಹುದು. ಸ್ಕ್ರೀನ್ ರೀಡರಿನಲ್ಲಿ ಅಸಲಿ ಎಚ್ಚರಿಕೆಗೂ ನಕಲಿ ಎಚ್ಚರಿಕೆಗೂ ಒಂದೇ ಧ್ವನಿ! ಹಾಗಾದರೆ ಗುರುತು ಹಿಡಿಯುವುದು ಹೇಗೆ? ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಇದು ಮೈಕ್ರೋಸಾಫ್ಟ್ ತಾನೇ ಹೇಳಿರುವ ಮಾತು. ಫೋನ್ ನಂಬರ್ ಕೇಳಿಸಿತೇ? ಆಲ್ಟ್ ಮತ್ತು ಎಫ್ 4 ಒತ್ತಿ ಕಿಟಕಿ ಮುಚ್ಚಿ.

ಆ ನಂಬರಿಗೆ ಫೋನ್ ಮಾಡಿದರೆ ಅತ್ತ ಕಡೆಯವನು ಬಲು ಮರ್ಯಾದೆಯಿಂದ "ನಿಮಗೆ ಕಣ್ಣು ಕಾಣುವುದಿಲ್ಲವೇ? ಚಿಂತೆ ಬೇಡ, ನಾನೇ ಇಲ್ಲಿಂದ ಸರಿ ಮಾಡಿಕೊಡುತ್ತೇನೆ" ಎನ್ನುತ್ತಾನೆ. ದೂರದಿಂದ ಯಂತ್ರ ನಡೆಸುವ ಆಪ್ ಹಾಕಿಸುತ್ತಾನೆ. ಎನಿಡೆಸ್ಕ್ ಎಂಬ ಇಂಥ ಒಂದು ಆಪ್ ಬಳಸಿ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಅಂಧರಿಗೆ ಇಂಥ ಸಹಾಯ ನಿಜವಾಗಿಯೂ ಬೇಕಾಗುತ್ತದೆ. ಅದಕ್ಕೇ ಅವರು ಬೇಗ ನಂಬುತ್ತಾರೆ. ನಂಬುವಂಥ ನಾಲ್ಕು ಗೆಳೆಯರು ಹತ್ತಿರವಿದ್ದರೆ ಅಪರಿಚಿತನನ್ನು ಯಾಕೆ ನಂಬುತ್ತಿದ್ದರು? ಯೋಚಿಸಿ.

ಲಿಂಕ್ ಒತ್ತುವ ಮುನ್ನ ಕಣ್ಣಿದ್ದವರು ಮೌಸ್ ಇಟ್ಟು ಎಲ್ಲಿಗೆ ಹೋಗುತ್ತದೆ ನೋಡುತ್ತಾರೆ. ಎನ್‌ವಿಡಿಎಯಲ್ಲಿ ಇನ್ಸರ್ಟ್ ಮತ್ತು ಕೆ ಒತ್ತಿದರೆ ಲಿಂಕಿನ ವಿಳಾಸ ಕೇಳಿಸುತ್ತದೆ. ಅನುಮಾನ ಬಂದರೆ ಅಕ್ಷರ ಅಕ್ಷರ ಬಿಡಿಸಿ ಕೇಳಿ. ಬ್ಯಾಂಕಿನ ಹೆಸರಿನಲ್ಲಿ ಓ ಅಕ್ಷರದ ಬದಲು ಸೊನ್ನೆ ಇಟ್ಟರೆ ಕಣ್ಣು ಮೋಸ ಹೋಗುತ್ತದೆ. ಬಿಡಿಸಿ ಕೇಳುವ ಕಿವಿ ಮೋಸ ಹೋಗುವುದಿಲ್ಲ!

ಮೊಬೈಲಿನಲ್ಲೂ ಎಚ್ಚರ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕೆಲಸ ಮಾಡುವುದು ಆಕ್ಸೆಸಿಬಿಲಿಟಿ ಎಂಬ ಅನುಮತಿಯಿಂದ. ಪರದೆ ಓದುವ, ಬಟನ್ ಒತ್ತುವ ಅಧಿಕಾರ ಅದು. ಬ್ಯಾಂಕ್ ಹಣ ಕದಿಯುವ ಆಪ್‌ಗಳೂ ಇದೇ ಅನುಮತಿ ಕೇಳುತ್ತವೆ. ಮದುವೆಯ ಕರೆಯೋಲೆ ಎಂದು ಬಂದ ಆಪ್‌ಗೆ ಈ ಅನುಮತಿ ಯಾಕೆ ಬೇಕು? ಕೊಡಬೇಡಿ. ದುಡ್ಡು ಹೋಯಿತೋ, ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕನ್ನಡಕ್ಕೂ ಒಂದು ಕಿವಿ

ಇಲ್ಲಿ ನಮ್ಮ ನುಡಿಯ ಮಾತೂ ಬರುತ್ತದೆ. ಎಚ್ಚರಿಕೆ ಇಂಗ್ಲಿಷಿನಲ್ಲೇ ಕೂಗಿದರೆ ಇಂಗ್ಲಿಷ್ ಬಾರದ ಅಂಧನಿಗೆ ಅದೂ ಒಂದು ಮೌನವೇ. ಕನ್ನಡದಲ್ಲಿ ಎಚ್ಚರಿಕೆ ಬಂದರೂ ಸ್ಕ್ರೀನ್ ರೀಡರಿನಲ್ಲಿ ಕನ್ನಡ ಬಲ್ಲ ಧ್ವನಿ ಆರಿಸದಿದ್ದರೆ ಪ್ರಯೋಜನವಿಲ್ಲ. ಆರಿಸಿಕೊಡಿ.

ಇನ್ನೊಂದು ಪಾಪ ನಾವೇ ಮಾಡುತ್ತಿದ್ದೇವೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ, ಯೂನಿಕೋಡ್ ಅಲ್ಲದ ರೀತಿಯಲ್ಲಿ ಬರೆದ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಓದಿದರೆ ಹುಚ್ಚನ ಬಡಬಡಿಕೆಯಂತೆ ಕೇಳುತ್ತದೆ. "ವಂಚಕರಿದ್ದಾರೆ, ಎಚ್ಚರ" ಎಂಬ ಸುತ್ತೋಲೆಯನ್ನೇ ಆ ಫಾಂಟಿನಲ್ಲಿ ಕಳಿಸಿದರೆ ಅಂಧ ನೌಕರನಿಗೆ ಏನು ತಲುಪಿತು? ಸುತ್ತೋಲೆಯನ್ನು ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರೂ ಅದೇ ಗತಿ. ಕನ್ನಡವನ್ನು ಯೂನಿಕೋಡ್‌ನಲ್ಲೇ, ಅಕ್ಷರವಾಗಿಯೇ ಬರೆಯಿರಿ. ಕನ್ನಡಿಗನೊಬ್ಬನಿಗೆ ಕನ್ನಡ ಕೇಳದಂತೆ ಮಾಡುವ ಹಕ್ಕು ನಮಗೂ ಇಲ್ಲ.

ಬೇಡುವುದಲ್ಲ, ಕೇಳುವುದು

ಇದನ್ನೆಲ್ಲ ದಯೆ ಎಂದುಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕಬೇಕೆನ್ನುತ್ತದೆ. 46ನೇ ಸೆಕ್ಷನ್ ಸೇವೆ ಕೊಡುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ ಇಬ್ಬರಿಗೂ ಹೊಣೆ ಹೊರಿಸುತ್ತದೆ. ಇದಕ್ಕಾಗಿ ಐಎಸ್ 17802 ಎಂಬ ಭಾರತೀಯ ಮಾನಕವೇ ಇದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಇಂಥ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು, ಆಸಿಡ್ ದಾಳಿಗೆ ಒಳಗಾದವರು ಮತ್ತು ಒಬ್ಬ ಅಂಧರು ತಂದ ಅರ್ಜಿಗಳಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸಾರಿ ಹೇಳಿತು.

ಹಾಗಾಗಿ ನಿಮ್ಮ ಪರೀಕ್ಷೆಯಲ್ಲಿ ಫೇಲಾದ ಕಂಪನಿಗೆ ಪತ್ರ ಬರೆಯಿರಿ. ಬರೀ ಬೈದು ಬರೆಯಬೇಡಿ. ಯಾವ ಆವೃತ್ತಿ, ಯಾವ ಕಿಟಕಿ, ಯಾವ ಬಟನ್ನಿಗೆ ಹೆಸರಿಲ್ಲ ಎಂದು ಲೆಕ್ಕ ಕೊಟ್ಟು ಕೇಳಿ. ಒಬ್ಬ ಬರೆದರೆ ಕಸದ ಬುಟ್ಟಿ. ನೂರು ಜನ ಬರೆದರೆ ಸಭೆ ಕರೆಯುತ್ತಾರೆ.

ನಿಮ್ಮಲ್ಲಿ ಬಹಳ ಜನ ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ. ಒಂದು ಬಟನ್ನಿಗೆ ಹೆಸರು ಬರೆಯಲು ನಿಮಗೆ ಎಷ್ಟು ಹೊತ್ತು ಬೇಕು? ಒಂದು ಸಾಲು! ಆ ಒಂದು ಸಾಲು ಬರೆಯದ್ದಕ್ಕೆ ಎಲ್ಲೋ ಒಬ್ಬ ಹುಡುಗಿ "ಬಟನ್, ಬಟನ್" ಕೇಳುತ್ತಾ ಕೂತಿದ್ದಾಳೆ. ಕಚೇರಿಗಳ ಕಂಪ್ಯೂಟರ್ ವಿಭಾಗದಲ್ಲಿ ಇರುವವರಿಗೆ ಇನ್ನೊಂದು ಮಾತು. ಹೊಸದಾಗಿ ಸೇರಿದ ಅಂಧ ನೌಕರನ ಎನ್‌ವಿಡಿಎಯನ್ನು ನಿಮ್ಮ ಭದ್ರತಾ ಸಾಫ್ಟ್‌ವೇರ್ ತಡೆದಿದ್ದರೆ ಅವನು ಸೋಮಾರಿಯಲ್ಲ, ನೀವು ಅವನ ಕೈ ಕಟ್ಟಿದ್ದೀರಿ. ಅನುಮತಿ ಪಟ್ಟಿಗೆ ಸೇರಿಸುವುದು ಐದು ನಿಮಿಷದ ಕೆಲಸ. ಕೆಲಸ ಕಳೆದುಕೊಂಡವನಿಗೆ ಇನ್ನೊಂದು ಸಿಗಲು ಎಷ್ಟು ವರ್ಷ ಬೇಕೋ!

ನಮ್ಮ ಬೆಂಗಳೂರಿನಲ್ಲಿ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಅಂಧರಿಗೆ ಕಂಪ್ಯೂಟರ್ ಕಲಿಸುತ್ತಾ ಬಂದಿವೆ. ಆದರೆ ಮನೆ ಮನೆಗೆ ಬಂದು ಆಂಟಿವೈರಸ್ ನೋಡಲು ಅವರಿಗೆ ಸಾಧ್ಯವೇ? ಅದು ನಿಮ್ಮ ಕೆಲಸ. ಈ ಭಾನುವಾರ ನಿಮ್ಮ ಬೀದಿಯಲ್ಲಿ, ನಿಮ್ಮ ಬಳಗದಲ್ಲಿ ಕಣ್ಣು ಕಾಣದ ಗೆಳೆಯ ಯಾರಿದ್ದಾರೆ ವಿಚಾರಿಸಿ. ಅವರ ಮನೆಗೆ ಹೋಗಿ. "ಅಣ್ಣಾ, ನಿಮ್ಮ ಕಂಪ್ಯೂಟರಿನ ಕಾವಲುಗಾರ ಮಾತಾಡುತ್ತಾನಾ?" ಎಂದು ಕೇಳಿ. ಕೀಬೋರ್ಡ್ ಅವರ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ಕೂತು ಐದು ಪರೀಕ್ಷೆ ಮಾಡಿಸಿ. ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ.